ನಾಲ್ಕು ಗಂಟೆಯವರು

ಮೂರನೇ ಪೆಟ್ಟಿಗೆಯನ್ನೂ ಟೈಲರಮ್ಮ ಹಾಸಿಗೆಯ ಮೇಲೆ ಬೋರಲು ಹಾಕಿದರು. ಕಪ್ಪು ತಂತಿ, ಬೂದು ತಂತಿ, ಸುರುಳಿ ತಂತಿ, ಒಂದಕ್ಕೊಂದು ತೆಕ್ಕೆಬಿದ್ದು ಹಾಸಿಗೆ ತುಂಬ ಹರಡಿಕೊಂಡವು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಚೀಟಿಯಲ್ಲಿ ಗಂಡನ ದುಂಡು ಅಕ್ಷರ.

"ಓದಿ ಅತ್ತಿಗೆ," ಎಂದರು ಮೇಷ್ಟ್ರು.

"ಇದಲ್ಲ."

"ಮುಂದಿನದು?"

"ಇದೂ ಅಲ್ಲ."

"ಅದರ ಮುಂದಿನದು?"

ಟೈಲರಮ್ಮ ಚೀಟಿಯನ್ನು ಬೆಳಕಿಗೆ ಹಿಡಿದರು. "ಇದಂತೂ ಅಲ್ಲವೇ ಅಲ್ಲ."

ಹಲ್ಲಿನ ಡಾಕ್ಟರು ತಲೆ ಕೆರೆದುಕೊಂಡರು. "ಅಲ್ಲ ಅಂತ ಗೊತ್ತಾದ ಮೇಲೆ ಬಿಸಾಡಬಾರದಿತ್ತಾ?"

"ಬಿಸಾಡೋದಾ? ಯಾವುದು ಅಲ್ಲ ಅಂತ ಗೊತ್ತಿರೋದೇ ಅರ್ಧ ಜ್ಞಾನ ಕಣ್ರೀ," ಎಂದರು ಮೇಷ್ಟ್ರು.

"ಉಳಿದರ್ಧ ಎಲ್ಲಿಟ್ಟಿದಾರೆ?"

ಉಳಿದರ್ಧವನ್ನು ಹೇಳಬೇಕಾದವರು ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದರು. ನಿನ್ನೆ ಸಂಜೆ ಏಳರ ಹೊತ್ತಿಗೆ ರೇಡಿಯೋ ಮೇಜಿನ ಮುಂದೆ ಕೂತಲ್ಲೇ ತೀರಿಕೊಂಡಿದ್ದರು. ಟೈಲರಮ್ಮ ಊಟಕ್ಕೆ ಕರೆಯಲು ಹೋದಾಗ ಬೆಸುಗೆ ಕಡ್ಡಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿತ್ತು, ಸ್ವಿಚ್ ಆರಿಸಿತ್ತು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ಮೈನ್ ಆರಿಸದೆ ಯಾವ ಕೆಲಸವನ್ನೂ ಬಿಟ್ಟು ಎದ್ದವರಲ್ಲ. ಈ ಕೆಲಸವನ್ನೂ ಹಾಗೆಯೇ ಬಿಟ್ಟುಹೋಗಿದ್ದರು.

ಕಟ್ಟಡದ ಮಕ್ಕಳು ಅವರನ್ನು ವೈರ್ ಮಾಮ ಎನ್ನುತ್ತಿದ್ದರು. ಆಮೇಲೆ ಆ ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಅನ್ನತೊಡಗಿದರು. ಕೊನೆಕೊನೆಗೆ ವಿದ್ಯುತ್ ಬಿಲ್ಲು ಕೊಡಲು ಬರುವವನೂ "ವೈರ್ ಮಾಮ ಇದಾರಾ?" ಎಂದೇ ಕೇಳುತ್ತಿದ್ದ. ಹವ್ಯಾಸಿ ರೇಡಿಯೋದ ಪರವಾನಗಿಯಿದ್ದ ಅವರ ಇಬ್ಬರು ಗೆಳೆಯರೇ ಈ ಮೇಷ್ಟ್ರು ಮತ್ತು ಹಲ್ಲಿನ ಡಾಕ್ಟರು. ಒಬ್ಬರು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಇನ್ನೊಬ್ಬರು ಈಗಲೂ ಹಲ್ಲು ಕೀಳುತ್ತಿದ್ದವರು. ಹತ್ತಿರ ಕೂತು ಸಮಾಧಾನ ಹೇಳಲು ಬಂದಿದ್ದ ಇಬ್ಬರನ್ನೂ ಟೈಲರಮ್ಮ ಕೆಲಸಕ್ಕೆ ಹಚ್ಚಿದ್ದರು.

ಕೆಲಸ ಇಷ್ಟೇ. ದೂರದ ಒಂದು ಊರಿನಲ್ಲಿ ಒಬ್ಬರಿದ್ದಾರೆ. ವೈರ್ ಮಾಮ ಮೂವತ್ತು ವರ್ಷದಿಂದ ದಿನಾ ಸಂಜೆ ನಾಲ್ಕಕ್ಕೆ ರೇಡಿಯೋದಲ್ಲಿ ಅವರ ಜೊತೆ ಮಾತಾಡುತ್ತಿದ್ದರು. ಮುಖ ನೋಡಿದವರಲ್ಲ. ಪುಸ್ತಕದಲ್ಲಿ ಬರೆದಿಟ್ಟ ವಿಳಾಸ ಅವರು ಎರಡು ಸಲ ಮನೆ ಬದಲಿಸುವ ಮೊದಲಿನದು. ಇಬ್ಬರಿಗೂ ಒಂದೇ ಹಟ, ರೇಡಿಯೋ ಇರುವಾಗ ಫೋನ್ ಯಾಕೆ ಅಂತ. ಹಾಗಾಗಿ ನಂಬರೂ ಇಲ್ಲ. ಟೈಲರಮ್ಮನ ಪಾಲಿಗೆ ಅವರು 'ನಾಲ್ಕು ಗಂಟೆಯವರು'. ಇವತ್ತೂ ನಾಲ್ಕಕ್ಕೆ ಅವರು ಕರೆಯುತ್ತಾರೆ. ಮೂವತ್ತು ವರ್ಷ ಕರೆದಾಗೆಲ್ಲ ಓಗೊಟ್ಟವರು ಇವತ್ತು ಸುಮ್ಮನಿದ್ದರೆ ಆ ಮನುಷ್ಯ ಏನಂದುಕೊಳ್ಳಬೇಕು? ಇವರು ಇನ್ನೂ ಮನೆಯಲ್ಲಿರುವಾಗಲೇ, ಇವರ ಸೆಟ್ಟಿನಿಂದಲೇ ಸುದ್ದಿ ಹೋಗಬೇಕು. ಬೆಳಿಗ್ಗೆಯಿಂದ ಟೈಲರಮ್ಮ ಅಳದೆ ಹಿಡಿದುಕೊಂಡಿದ್ದದ್ದು ಈ ಒಂದು ಹಟವನ್ನು.

ಆದರೆ ಸೆಟ್ಟಿಗೆ ಮೈಕೇ ಇರಲಿಲ್ಲ. ಮೇಜಿನ ಮೇಲಿದ್ದ ಮೈಕು ಮಾಯವಾಗಿತ್ತು. ಬದಲಿಗೆ ಯಾವುದಾದರೂ ಹೊಂದೀತೇ ಎಂದು ಪೆಟ್ಟಿಗೆಗಳನ್ನು ಕೆದಕಿದರೆ, ಅಲ್ಲಿದ್ದ ಹಳೇ ಮೈಕುಗಳ ಪ್ಲಗ್ಗಿಗೆ ನಾಲ್ಕು ಪಿನ್ನು. ಈ ಸೆಟ್ಟು ಕೇಳುವುದು ಎಂಟು.

"ಅಮ್ಮ, ಎರಡು ಐವತ್ತು," ಎಂದಳು ಮಗಳು ಬಾಗಿಲಲ್ಲಿ ನಿಂತು. ಅವಳದು ಬಸ್ ಡಿಪೋದಲ್ಲಿ ವೇಳೆ ಬರೆಯುವ ಕೆಲಸ. ಅಪ್ಪ ಸತ್ತ ದುಃಖ ಅವಳಿಗೂ ಕಡಿಮೆಯಿರಲಿಲ್ಲ, ಆದರೆ ಅವಳಿಗೆ ದುಃಖವಾದಾಗ ಗಡಿಯಾರ ನೋಡುವುದು ಜಾಸ್ತಿಯಾಗುತ್ತಿತ್ತು. "ಗಾಡಿ ನಾಲ್ಕೂ ಹದಿನೈದಕ್ಕೆ ಬಿಡ್ಬೇಕು. ಚಿತಾಗಾರದಲ್ಲಿ ಐದಕ್ಕೆ ಕೊಟ್ಟಿದಾರೆ. ತಪ್ಪಿದ್ರೆ ನಾಳೆಗೇ."

"ನಾಲ್ಕೂ ಹದಿನೈದಕ್ಕೆ ತಾನೇ? ನನಗೆ ನಾಲ್ಕಕ್ಕೆ ಕೆಲಸ."

"ಮೇಜಿನ ಮೇಲಿದ್ದ ಸಾಮಾನು ಹುಡುಕ್ತಿದೀರೇನು?" ಎಂದರು ಕೆಳಗಿನ ಮನೆಯಾಕೆ, ಹಾಲು ತುಂಬಿದ ಪಾತ್ರೆ ಹಿಡಿದು ಒಳಗೆ ಬರುತ್ತ. "ಬರೋರು ಹೋಗೋರು ನೋಡಿದ್ರೆ ಚೆನ್ನಾಗಿರಲ್ಲ ಅಂತ ನಾನೇ ಒಪ್ಪ ಮಾಡ್ದೆ. ಎಲ್ಲಾ ಬಿಸ್ಕತ್ ಡಬ್ಬದಲ್ಲಿದೆ."

ಮೂವರೂ ಆಕೆಯನ್ನು ನೋಡಿದರು. ಒಂದೂವರೆ ಗಂಟೆಯಿಂದ ಆ ಡಬ್ಬ ಅಡಿಗೆಮನೆಯ ಕಪಾಟಿನಲ್ಲಿತ್ತು. ಅದರ ಪಕ್ಕದಿಂದಲೇ ಡಾಕ್ಟರು ಎರಡು ಸಲ ಸಕ್ಕರೆ ತೆಗೆದುಕೊಂಡಿದ್ದರು.

ಡಬ್ಬ ತೆರೆದರೆ ಮೈಕು ಸಿಕ್ಕಿತು. ಅದಕ್ಕೆ ಹೊಸ ತಂತಿ. ತಂತಿಯ ತುದಿಗೆ ಹೊಸ ಪ್ಲಗ್ಗು. ಮೇಷ್ಟ್ರು ಅದನ್ನು ಕಿಟಕಿಯ ಹತ್ತಿರ ಒಯ್ದರು. ಎಂಟು ಪಿನ್ನಿಗೆ ಎಂಟು ತಂತಿ, ಒಂದೊಂದು ಬೆಸುಗೆಯೂ ಸಾಸಿವೆ ಕಾಳಿನಷ್ಟು, ಮಿಂಚುತ್ತಿತ್ತು. ಎಪ್ಪತ್ತೊಂದು ವರ್ಷದ ಕೈ ಮಾಡಿದ್ದು.

"ಮುಗಿಸಿಯೇ ಹೋಗಿದಾರೆ ಪುಣ್ಯಾತ್ಮ!" ಎಂದರು ಮೇಷ್ಟ್ರು. "ಎಂಥಾ ಬೆಸುಗೆ ನೋಡ್ರೀ! ಎಂಥಾ..."

ಅಷ್ಟರಲ್ಲಿ ಡಾಕ್ಟರು ಡಬ್ಬದಿಂದ ಇನ್ನೊಂದು ಸಾಮಾನು ಎತ್ತಿದರು. ಲೋಹದ ಪುಟ್ಟ ಕೊಳವೆ. ಪ್ಲಗ್ಗಿನ ಮೇಲೆ ಮುಚ್ಚಿ ತಿರುಗಿಸಿ ಕೂರಿಸುವ ಟೋಪಿ. ಅದನ್ನು ಬೆಸುಗೆಗೆ ಮೊದಲೇ ತಂತಿಗೆ ಪೋಣಿಸಿಕೊಳ್ಳಬೇಕು. ಬೆಸೆದ ಮೇಲೆ ಈ ಕಡೆಯಿಂದ ಪ್ಲಗ್ಗು ಬಿಡುವುದಿಲ್ಲ, ಆ ಕಡೆಯಿಂದ ಮೈಕು ಬಿಡುವುದಿಲ್ಲ.

ಇಬ್ಬರೂ ಗೋಡೆ ನೋಡಿದರು. ಮೇಜಿನ ಮೇಲೆ, ಕಣ್ಣಿಗೆ ರಾಚುವಂತೆ, ವೈರ್ ಮಾಮ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದ ಹಲಗೆಯಿತ್ತು. 'ಮೊದಲು ಟೋಪಿ!'

ಮೊದಲು ನಕ್ಕವರು ಯಾರೆಂದು ಆಮೇಲೆ ಇಬ್ಬರೂ ಒಪ್ಪಲಿಲ್ಲ. ಮೇಷ್ಟ್ರು ಕುರ್ಚಿ ಹಿಡಿದುಕೊಂಡು ಕೂತರು. ಡಾಕ್ಟರು ಗೋಡೆಗೆ ಹಣೆ ಹಚ್ಚಿದರು. ಆಚೆ ಕೋಣೆಯಲ್ಲಿ ಹೆಣದ ಪಕ್ಕ ಕೂತಿದ್ದವರು ಅದನ್ನು ಅಳು ಎಂದುಕೊಂಡು ತಾವೂ ಸ್ವಲ್ಪ ಜೋರಾಗಿ ಅತ್ತರು.

"ನನಗೆ ಎಷ್ಟು ಸಲ ಬೈದಿದ್ರು ಅಕ್ಕ, ಟೋಪಿ ಮರೆತೆ ಅಂತ!" ಎಂದು ಡಾಕ್ಟರು ಕಣ್ಣೊರೆಸಿಕೊಂಡರು. "ಊರಿಗೆಲ್ಲ ಬೈದ್ರಲ್ಲ!"

"ಇದನ್ನ ಮಾಡದ ರೇಡಿಯೋದವನು ಹುಟ್ಟಿಲ್ಲ," ಎಂದರು ಮೇಷ್ಟ್ರು. "ಇವರೊಬ್ಬರೇ ಬಾಕಿ ಇದ್ರು. ಅದನ್ನೂ ಪೂರೈಸಿಕೊಂಡೇ ಹೋದ್ರು."

ಟೈಲರಮ್ಮ ನಗಲಿಲ್ಲ. "ಈಗ ಏನ್ ಮಾಡೋದು, ಅದು ಹೇಳಿ."

"ಬಿಚ್ಚಿ ಮತ್ತೆ ಬೆಸೀಬೇಕು. ಎಂಟೂ."

"ಬೆಸೀರಿ ಮತ್ತೆ."

*

ಎಲ್ಲ ಶುರುವಾದದ್ದು ಒಂದು ಗುಂಯ್ ಸದ್ದಿನಿಂದ. ರೇಡಿಯೋದವರು ಅದನ್ನು ಹಮ್ ಎನ್ನುತ್ತಾರೆ. ಮೂವತ್ತು ವರ್ಷದ ಹಿಂದೆ, ಪರಿಚಯವಾದ ಎರಡನೇ ವಾರದಲ್ಲೇ ನಾಲ್ಕು ಗಂಟೆಯವರು ಬಹಳ ಸಂಕೋಚದಿಂದ ಹೇಳಿದರು: ನಿಮ್ಮ ದನಿಯ ಹಿಂದೆ ಒಂದು ಹಮ್ ಇದೆಯಲ್ಲಾ.

ವೈರ್ ಮಾಮನಿಗೆ ಯಾರಾದರೂ ನಿನ್ನ ಮುಖದ ಮೇಲೆ ಮಸಿಯಿದೆ ಎಂದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಮೊದಲ ಆರೋಪಿ ಟೈಲರಮ್ಮನ ಹೊಲಿಗೆ ಮಷಿನ್ನು. "ಇವಳೇ, ನಾಲ್ಕರಿಂದ ನಾಲ್ಕೂವರೆ ತನಕ ಮಷಿನ್ ನಿಲ್ಲಿಸ್ತೀಯಾ? ಅದರ ಮೋಟಾರಿಂದಲೇ ಬರ್ತಿದೆ," ಎಂದರು. ಮದುವೆಯ ಹಂಗಾಮು, ಹೊಲಿಗೆಯ ರಾಶಿ. ಆದರೂ ಟೈಲರಮ್ಮ ಒಂದು ವಾರ ನಿಲ್ಲಿಸಿ ಕೈ ಕಟ್ಟಿ ಕೂತರು. ಹಮ್ ಹೋಗಲಿಲ್ಲ. ಎಂಟನೇ ದಿನ ನಾಲ್ಕಕ್ಕೆ ಸರಿಯಾಗಿ ಮಷಿನ್ ಹಾಕಿ, ಬೇಕಂತಲೇ ಒಂದು ಇಡೀ ಲಂಗದ ಅಂಚು ಹೊಲಿದರು. ಗಂಡ ತಪ್ಪಾಯಿತು ಎಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಾತು ಬಂದದ್ದು ಅದೊಂದೇ ಸಲ, ಹಾಗಾಗಿ ಟೈಲರಮ್ಮನಿಗೆ ದಿನಾಂಕ ಸಹಿತ ನೆನಪಿತ್ತು.

ಆಮೇಲೆ ಅನುಮಾನ ತಂತಿಗಳ ಮೇಲೆ ತಿರುಗಿತು. ಮೇಲೆ ಹೆಣೆದ ತಾಮ್ರದ ಜಾಲರಿಯಿರುವ ತಂತಿ ಬೇಕು. ಜಾಲರಿ ದಟ್ಟವಾಗಿರಬೇಕು. ಜಾಲರಿಯನ್ನು ಒಂದೇ ತುದಿಯಲ್ಲಿ ಬೆಸೆಯಬೇಕೋ ಎರಡೂ ತುದಿಯಲ್ಲೋ ಎಂಬುದರ ಮೇಲೆ ಅವರೂ ಮೇಷ್ಟ್ರೂ ಎಂಟು ತಿಂಗಳು ಮಾತು ಬಿಟ್ಟಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಹೆಂಡತಿಗೆ ಸೀರೆ ಕೊಡಿಸಲು ಹೊರಟವರು, ದಾರಿಯಲ್ಲಿ ಬಿಡಿಭಾಗಗಳ ಅಂಗಡಿ ಕಂಡು "ಒಂದೇ ನಿಮಿಷ" ಎಂದು ಒಳಹೊಕ್ಕರು. ಟೈಲರಮ್ಮ ಸ್ಟೂಲಿನ ಮೇಲೆ ಎರಡು ಗಂಟೆ ಕೂತರು. ಅಂಗಡಿಯವನು ಒಂದೊಂದೇ ಪ್ಲಗ್ಗು ತೆಗೆದು ತೋರಿಸುವುದು, ಇವರು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಪಿನ್ನು ಅಲುಗಿಸಿ ನೋಡುವುದು.

"ಇದಕ್ಕೆ ಚಿನ್ನದ ಲೇಪ ಇದೆ ಸಾರ್."

"ಚಿನ್ನ ಒಂದು ಕಡೆ ಇದ್ದು ಇನ್ನೊಂದು ಕಡೆ ತವರ ಇದ್ರೆ ಪ್ರಯೋಜನವಿಲ್ಲಪ್ಪ. ಗಂಡಿಗೂ ಹೆಣ್ಣಿಗೂ ಒಂದೇ ಲೋಹ ಇರಬೇಕು."

"ನನ್ನ ಕುತ್ತಿಗೇಲಿ ಎಷ್ಟಿದೆ ಅಂತ ನೋಡಿದೀರಾ?" ಎಂದು ಟೈಲರಮ್ಮ ಸ್ಟೂಲಿನಿಂದಲೇ ಕೇಳಿದರು. ಅಂಗಡಿಯವನು ನಕ್ಕ. ವೈರ್ ಮಾಮ ನಗಲಿಲ್ಲ, ಅವರು ಆಗ ಎರಡನೇ ಪಿನ್ನನ್ನು ನೋಡುತ್ತಿದ್ದರು.

ಸೀರೆ ಅಂಗಡಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ಹೀಗೆ ಬಂದ ತಂತಿಗಳೆಲ್ಲ ಒಂದೊಂದು ವಾರ ಸೆಟ್ಟಿಗೆ ಹತ್ತಿ, ನಾಲ್ಕು ಗಂಟೆಗೆ "ಸ್ವಲ್ಪ ಇದೆ" ಎಂಬ ತೀರ್ಪು ಪಡೆದು, ಚೀಟಿ ಕಟ್ಟಿಸಿಕೊಂಡು ಮಂಚದಡಿಯ ಪೆಟ್ಟಿಗೆ ಸೇರಿದವು. ಮೊದಲ ಪೆಟ್ಟಿಗೆಯ ಮೇಲೆ 'ಆದರೂ ಆಗಬಹುದು', ಎರಡನೆಯದರ ಮೇಲೆ 'ಆಗುವುದಿಲ್ಲ', ಮೂರನೆಯದರ ಮೇಲೆ 'ಆಗುವುದಿಲ್ಲ, ಆದರೆ ಯಾರೂ ಬಿಸಾಡಕೂಡದು' ಎಂದಿತ್ತು. ಯಾರೂ ಎಂದರೆ ಯಾರೆಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

*

ಡಾಕ್ಟರು ಕಾರಿನಿಂದ ತಮ್ಮ ಭೂತಗನ್ನಡಿಯ ಕನ್ನಡಕ ತರಿಸಿ ಹಾಕಿಕೊಂಡರು. ಹಲಗೆಯನ್ನು ಗಟ್ಟಿಯಾಗಿ ಓದಿದರು: ಮೊದಲು ಟೋಪಿ. ಎಲ್ಲರೂ ನೋಡುವಂತೆ ಟೋಪಿಯನ್ನು ತಂತಿಗೆ ಪೋಣಿಸಿದರು. ಮೇಷ್ಟ್ರು ಸಾಕ್ಷಿಯಾದರು. ಆಮೇಲೆ ಒಂದೊಂದೇ ಬೆಸುಗೆ ಶುರುವಾಯಿತು.

"ಸ್ವಲ್ಪ ಬಾಯಿ ತೆರೀರಿ," ಎಂದರು ಡಾಕ್ಟರು ಅಭ್ಯಾಸಬಲದಿಂದ, ಪ್ಲಗ್ಗಿಗೆ.

ಮೇಷ್ಟ್ರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಅತ್ತಿಗೆ, ಸುದ್ದಿ ಹೇಳೋಕೆ ನಾನೊಂದು ಬರಕೊಂಡಿದೀನಿ. 'ಆಕಾಶವಾಹಿನಿಯ ಅಲೆಗಳಲ್ಲಿ ಮೂರು ದಶಕಗಳ ಕಾಲ...'"

"ನಾನು ಹೇಳ್ತೀನಿ," ಎಂದರು ಟೈಲರಮ್ಮ.

"ನೀವಾ?"

"ಯಾಕೆ, ನನಗೆ ಬಾಯಿಲ್ವಾ?"

"ಬಾಯಿದೆ ಅತ್ತಿಗೆ, ಪರವಾನಗಿ ಇಲ್ಲ. ಪರವಾನಗಿ ಇಲ್ದೋರು ಪ್ರಸಾರ ಮಾಡೋ ಹಾಗಿಲ್ಲ. ಇರೋರು ಪಕ್ಕದಲ್ಲಿ ಕೂತು ನಡೆಸಿಕೊಟ್ರೆ... ನಿಯಮದ ಪುಸ್ತಕದಲ್ಲಿ ಒಂದು ಉಪನಿಯಮ..."

"ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ನಾನು ಮಾತಾಡ್ತೀನಿ. ಮೂವತ್ತು ವರ್ಷ ಈ ತಂತಿಗಳ ಧೂಳು ಹೊಡೆದಿದೀನಿ ಮೇಷ್ಟ್ರೇ. ಯಾವ ಸರ್ಕಾರದೋರು ಬಂದು ನನ್ನ ಕೇಳ್ತಾರೋ ನೋಡೇಬಿಡ್ತೀನಿ."

ಮೇಷ್ಟ್ರು ಕಾಗದ ಮಡಚಿದರು. ಮನಸ್ಸಿಲ್ಲದ ಮನಸ್ಸಿನಿಂದ ಮಡಚಿದರು, ಯಾಕೆಂದರೆ ಅದರಲ್ಲಿ ಎರಡು ಶ್ಲೇಷೆಗಳೂ ಇದ್ದವು.

ಮೂರೂವರೆಗೆ ಗಾಡಿ ಬಂತು. ಚಾಲಕ ಮೇಲೆ ಬಂದು ಸ್ಟ್ರೆಚರಿಗೂ ಲಿಫ್ಟಿಗೂ ಅಳತೆ ನೋಡಿದ. "ಹಿಡಿಯಲ್ಲ. ಮೆಟ್ಟಿಲಲ್ಲೇ ಇಳಿಸ್ಬೇಕು. ನಾಲ್ಕು ಜನ ಬೇಕು."

"ಊರ ಲಿಫ್ಟನ್ನೆಲ್ಲ ಸರಿ ಮಾಡಿದೋರಿಗೆ ಒಂದು ಲಿಫ್ಟ್ ಸಿಗಲಿಲ್ಲವಲ್ಲಪ್ಪ!" ಎಂದು ಕೆಳಗಿನ ಮನೆಯಾಕೆ ಕಣ್ಣಿಗೆ ಸೆರಗು ಹಚ್ಚಿದರು.

ಮಗಳು ಬೆರಳು ಮಡಿಚಿ ಎಣಿಸಿದಳು. ಚಾಲಕ ಒಬ್ಬ, ಪಕ್ಕದ ಮನೆಯವರು ಇಬ್ಬರು, ಡಾಕ್ಟರು ಒಬ್ಬರು. ಸರಿಹೋಯಿತು. ಮೇಷ್ಟ್ರಿಗೆ ಮಂಡಿನೋವು, ಅವರನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. "ಮೂರು ನಲವತ್ತು," ಎಂದಳು. ಸ್ವಲ್ಪ ಹೊತ್ತಿಗೆ "ಮೂರು ನಲವತ್ತೈದು," ಎಂದಳು. ಅಮ್ಮ ತಿರುಗಿ ನೋಡಿದ ಮೇಲೆ ಬಾಯಲ್ಲಿ ಹೇಳುವುದನ್ನು ಬಿಟ್ಟು ಬಾಗಿಲಲ್ಲೇ ನಿಂತು ಉಗುರು ಕಚ್ಚಿದಳು.

ಮೂರು ಐವತ್ತಕ್ಕೆ ಡಾಕ್ಟರು ತಲೆಯೆತ್ತಿದರು. ಹಣೆಯಲ್ಲಿ ಬೆವರು. "ಆಯ್ತು ಅಕ್ಕ. ಎಂಟೂ ಆಯ್ತು. ನಿಮ್ಮ ಯಜಮಾನರಷ್ಟು ಚೆಂದ ಅಲ್ಲ, ಆದ್ರೆ ಗಟ್ಟಿ."

ಟೋಪಿಯನ್ನು ಪ್ಲಗ್ಗಿನ ಕಡೆಗೆ ಜಾರಿಸಿದರು. ಅದು ಬಂತು. ಬಂದು ಪ್ಲಗ್ಗಿಗೆ ಮೂತಿ ತಾಗಿಸಿ ನಿಂತಿತು. ಡಾಕ್ಟರು ತಿರುಗಿಸಿದರು. ಕೂರಲಿಲ್ಲ. ಅಮುಕಿದರು. ಕೂರಲಿಲ್ಲ.

ಟೈಲರಮ್ಮ ಬಗ್ಗಿ ನೋಡಿದರು. ಸಾವಿರಾರು ರವಿಕೆ ಹೊಲಿದ ಕಣ್ಣಿಗೆ ಕ್ಷಣ ಬೇಕಾಗಲಿಲ್ಲ. "ಡಾಕ್ಟ್ರೇ, ಅದರ ಸಣ್ಣ ಬಾಯಿ ಈ ಕಡೆಗೆ ಬಂದಿದೆ. ತೋಳು ತಿರುಗುಮುರುಗು ಹೊಲ್ದಿದೀರಿ."

ಮೇಷ್ಟ್ರು ಹಲಗೆಯನ್ನು ಮತ್ತೊಮ್ಮೆ ನೋಡಿದರು. ಟೋಪಿ ಮೊದಲು ಎಂದಿತ್ತೇ ಹೊರತು ಟೋಪಿಯ ಯಾವ ಕಡೆ ಮೊದಲು ಎಂದಿರಲಿಲ್ಲ.

"ಸಾಕ್ಷಿ ನೀವೇ ತಾನೇ?" ಎಂದರು ಡಾಕ್ಟರು ಸಣ್ಣ ದನಿಯಲ್ಲಿ.

"ಪೋಣಿಸಿದ್ದಕ್ಕೆ ಸಾಕ್ಷಿ. ದಿಕ್ಕಿಗಲ್ಲ."

"ಟೋಪಿ ಇಲ್ದೆ ಮಾತಾಡೋಕಾಗಲ್ವಾ?" ಎಂದು ಕೇಳಿದರು ಟೈಲರಮ್ಮ.

"ಆಗುತ್ತೆ. ಆದ್ರೆ ಅದಿಲ್ದೆ ಪ್ಲಗ್ಗು ಸೆಟ್ಟಲ್ಲಿ ನಿಲ್ಲಲ್ಲ ಅಕ್ಕ, ಬಿದ್ದುಹೋಗುತ್ತೆ. ಯಾರಾದ್ರೂ ಒತ್ತಿ ಹಿಡ್ಕೊಂಡಿರಬೇಕು."

"ಹಿಡ್ಕೊಳ್ಳಿ," ಎಂದರು ಟೈಲರಮ್ಮ.

*

ನಿನ್ನೆ ಸಂಜೆ ಐದಕ್ಕೂ ಹೀಗೇ ಒಂದು ಮಾತು ನಡೆದಿತ್ತು. ಟೈಲರಮ್ಮ ಯಾರದೋ ಶಾಲಾ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದರು. ಗಂಡ ಹಳೆಯ ಪ್ಲಗ್ಗು ಕತ್ತರಿಸಿ, ಹೊಸ ತಂತಿಯ ಸಿಪ್ಪೆ ಸುಲಿಯುತ್ತ ಕರೆದರು.

"ಇವಳೇ, ಇದು ಆದ್ಮೇಲೆ ಮೈಕಲ್ಲಿ ನೀನು ನಾಲ್ಕು ಮಾತಾಡ್ತೀಯಾ? ನಾನು ಆಚೆ, ಬರೀ ಕೇಳೋ ಸೆಟ್ಟಲ್ಲಿ ಕೇಳಿ ನೋಡ್ತೀನಿ, ಹಮ್ ಇದೆಯಾ ಅಂತ."

ಹಮ್ ಶುರುವಾದ ಹೊಸದರಲ್ಲಿ ಕೇಳಿದ್ದರು. ಮಗಳು ಹುಟ್ಟಿದ ಮೇಲೆ ಕೇಳಿದ್ದರು. ಆಗಾಗ, ಹೊಸ ತಂತಿ ಬಂದಾಗೆಲ್ಲ, ಕೇಳುತ್ತಲೇ ಇದ್ದರು. ಟೈಲರಮ್ಮನದೂ ಪ್ರತಿಸಲ ಒಂದೇ ಉತ್ತರ.

"ಏನ್ ಮಾತಾಡ್ಲಿ ಅದರಲ್ಲಿ? ನನಗೆ ಕೆಲಸ ಇದೆ ರೀ."

"ಏನಾದ್ರೂ. ಗುಂಡಿ ಒತ್ತಿ ಒಂದು ಎರಡು ಮೂರು ಅಂದ್ರೂ ಸಾಕು."

"ಎಣಿಸೋಕೆ ನಿಮಗೆ ಹೆಂಡ್ತಿ ಬೇಕಾ?"

ಅವರು ನಕ್ಕು ಮತ್ತೆ ತಂತಿಯ ಸಿಪ್ಪೆ ಸುಲಿಯತೊಡಗಿದರು. ಟೈಲರಮ್ಮನಿಗೆ ಆಗ ಆ ಮಾತು ಚೆನ್ನಾಗಿ ಬಂತು ಅನ್ನಿಸಿತ್ತು. ಮುಂದಿನ ಗುಂಡಿಗೆ ದಾರ ಪೋಣಿಸುವಾಗಲೂ ನಗು ಇತ್ತು. ರಾತ್ರಿಯಿಂದ ಮಾತ್ರ ಅದು ಎದೆಯಲ್ಲಿ ಸೂಜಿಯ ಹಾಗೆ ಸಿಕ್ಕಿಕೊಂಡು ಕೂತಿತ್ತು. ಒಂದು ಎರಡು ಮೂರು. ಅಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು?

*

ನಾಲ್ಕಕ್ಕೆ ಒಂದು ನಿಮಿಷವಿರುವಾಗ ಡಾಕ್ಟರು ಮೇಜಿನ ಮುಂದೆ ಮಂಡಿಯೂರಿ, ಎರಡು ಕೈಯಿಂದ ಪ್ಲಗ್ಗನ್ನು ಸೆಟ್ಟಿಗೆ ಒತ್ತಿ ಹಿಡಿದಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತು ಪರವಾನಗಿಯ ಕೆಲಸ ಮಾಡುತ್ತಿದ್ದರು. ಟೈಲರಮ್ಮ ಗಂಡನ ಕುರ್ಚಿಯ ತುದಿಯಲ್ಲಿ ಮೈಕು ಹಿಡಿದು ಕೂತರು.

"ಗುಂಡಿ ಒತ್ತಿದಾಗ ನೀವು ಮಾತಾಡೋದು, ಬಿಟ್ಟಾಗ ಅವರು ಮಾತಾಡೋದು," ಎಂದು ಮೇಷ್ಟ್ರು ಪಾಠ ಮಾಡಿದರು. "ಒಬ್ಬರು ಒತ್ತಿ ಹಿಡಿದಿದ್ರೆ ಇನ್ನೊಬ್ಬರು ಎಷ್ಟು ಕೂಗಿದ್ರೂ ಕೇಳಿಸಲ್ಲ. ಮಾತು ಮುಗಿದಾಗ ಓವರ್ ಅನ್ನಿ."

ಸೆಟ್ಟು ಗೊರಗೊರ ಎನ್ನುತ್ತಿತ್ತು. ಆ ಸದ್ದಿನೊಳಗಿಂದ, ನಾಲ್ಕಕ್ಕೆ ಸರಿಯಾಗಿ, ಒಂದು ಮುದಿದನಿ ಬಂತು.

"ಇದೀರಾ? ಇವತ್ತು ನಮ್ಮಲ್ಲಿ ಒಳ್ಳೇ ಬಿಸಿಲು. ಬೆಳಿಗ್ಗೆ ಒಂದು ಹಲ್ಲು ಬಿತ್ತು, ತಾನಾಗೇ. ಹೊಸ ತಂತಿ ಹಾಕ್ತೀನಿ ಅಂದಿದ್ರಿ, ಏನಾಯ್ತು? ಓವರ್."

ಆಚೆ ಕೋಣೆಯಲ್ಲಿ ಗುಸುಗುಸು ನಿಂತಿತು. ಟೈಲರಮ್ಮ ಗುಂಡಿ ಒತ್ತಿದರು.

"ನಾನು... ಇವರ ಮನೆಯೋಳು ಮಾತಾಡ್ತಿದೀನಿ," ಎಂದರು. "ಇವರು ನಿನ್ನೆ ಸಂಜೆ ಹೋಗ್ಬಿಟ್ರು. ತಂತಿ ಹಾಕ್ತಾ ಕೂತಿದ್ದೋರು ಹಾಗೇ ಹೋಗ್ಬಿಟ್ರು. ನಿಮಗೆ ಹೇಳ್ದೆ ಕಳಿಸೋಕೆ ನನಗೆ ಮನಸ್ಸು ಬರ್ಲಿಲ್ಲ."

ಕಾದರು. ಸೆಟ್ಟಿನಲ್ಲಿ ಏನೂ ಬರಲಿಲ್ಲ.

"ಅಕ್ಕ, ಬೆರಳು ತೆಗೀರಿ," ಎಂದರು ಡಾಕ್ಟರು ನೆಲದಿಂದ.

ಟೈಲರಮ್ಮ "ಓವರ್" ಎಂದು ಬೆರಳು ತೆಗೆದರು. ಮತ್ತೆ ಗೊರಗೊರ. ಬಹಳ ಹೊತ್ತು ಬರೀ ಗೊರಗೊರ.

"ಹೊಲಿಗೆ ಮಷಿನ್ ತಂಗಿ ಅಲ್ವಾ ನೀವು?" ಎಂದಿತು ದನಿ ಕೊನೆಗೆ. "ದಿನಾ ಅವರ ಹಿಂದೆ ನಿಮ್ಮ ಮಷಿನ್ ಕೇಳಿಸ್ತಿತ್ತು. ಅದು ಕೇಳದ ದಿನ ತಂಗಿಗೆ ಹುಷಾರಿಲ್ವೇನೋ ಅಂದ್ಕೊಳ್ತಿದ್ದೆ. ಇವತ್ತು ಮಷಿನ್ ಇಲ್ಲ, ಹಮ್ ಇದೆ. ಇವತ್ತು ನಿಜವಾಗ್ಲೂ ಹಮ್ ಇದೆ ತಂಗಿ. ಓವರ್."

ಡಾಕ್ಟರು ತಮ್ಮ ಬೆರಳು ನೋಡಿಕೊಂಡರು. ಟೋಪಿಯಿಲ್ಲದ ಬರಿಯ ಬೆಸುಗೆಯ ಮೇಲಿದ್ದವು, ಹಮ್ ಬರುತ್ತಿದ್ದದ್ದು ಅಲ್ಲಿಂದಲೇ. ನಾಚಿ ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ನಿಜವಾಗ್ಲೂ ಅಂದ್ರೆ?" ಎಂದರು ಟೈಲರಮ್ಮ. "ದಿನಾ ಇರ್ತಿತ್ತಲ್ಲ? ಓವರ್."

"ಇರ್ಲಿಲ್ಲ ತಂಗಿ." ದನಿ ತಡವರಿಸಿತು. "ಮೊದಲು ಇತ್ತು. ಹನ್ನೊಂದು ವರ್ಷದ ಹಿಂದೆ ಒಂದು ತಂತಿ ಹಾಕಿದ್ರು, ಅವತ್ತೇ ಹೋಯ್ತು. ಎದುರಿಗೆ ಕೂತು ಮಾತಾಡ್ದ ಹಾಗೆ ಕೇಳಿಸ್ತು. ಹೇಳ್ಬೇಕು ಅಂತ ಬಾಯಿ ತೆರೆದೆ. ಆದ್ರೆ ಅದಕ್ಕೆ ಎಂಟು ದಿನದ ಹಿಂದೆ ನಮ್ಮನೆಯೋಳು ಹೋಗಿದ್ಲು. ಮನೇಲಿ ಯಾರೂ ಇರ್ಲಿಲ್ಲ. ಹಮ್ ಹೋಯ್ತು ಅಂದ್ರೆ ಇವರು ಗೆದ್ದೆ ಅಂತ ಸೆಟ್ಟು ಮುಚ್ಚಿಟ್ಟು ಬೇರೆ ಕೆಲಸ ನೋಡ್ಕೋತಾರೆ ಅನ್ನಿಸ್ತು. ಸ್ವಲ್ಪ ಇದೆ ಅಂದ್ಬಿಟ್ಟೆ. 'ಹಾಗಾದ್ರೆ ನಾಳೆ ಬೇರೆ ತಂತಿ ಹಾಕ್ತೀನಿ, ನಾಲ್ಕಕ್ಕೆ ಇರಿ' ಅಂದ್ರು. ಅದೊಂದು ಮಾತಿಗೆ ಆಸೆ ಬಿದ್ದೆ. ಮಾರನೇ ದಿನವೂ ಸ್ವಲ್ಪ ಇದೆ ಅಂದೆ. ಹಾಗೇ ಆಗೋಯ್ತು. ಓವರ್."

ಮೇಷ್ಟ್ರು ನಿಧಾನವಾಗಿ ಕತ್ತು ತಿರುಗಿಸಿ ಹಾಸಿಗೆಯ ಮೇಲಿನ ರಾಶಿಯನ್ನು ನೋಡಿದರು. ಹನ್ನೊಂದು ವರ್ಷದ ಒಳ್ಳೊಳ್ಳೆಯ ತಂತಿಗಳು, ಕುತ್ತಿಗೆಯಲ್ಲಿ 'ಇದಲ್ಲ' ಕಟ್ಟಿಕೊಂಡು ಬಿದ್ದಿದ್ದವು. ಯಾವುದೋ ಒಂದನ್ನು 'ಇದಂತೂ ಅಲ್ಲವೇ ಅಲ್ಲ' ಎಂದೂ ಅವಮಾನಿಸಲಾಗಿತ್ತು.

ಟೈಲರಮ್ಮನಿಗೆ ಮೊದಲು ಬಂದದ್ದು ಸಿಟ್ಟು. "ನನ್ನ ಮಂಚದ ಕೆಳಗೆ ಮೂರು ಪೆಟ್ಟಿಗೆ ಇಡ್ಸಿದ್ರಲ್ಲಾ ಮಾರಾಯ್ರೇ!" ಎಂದು ಗುಂಡಿ ಒತ್ತಿ ಕೂಗಿದರು. ಆಚೆ ಕೋಣೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಸಿಟ್ಟು ಇಳಿಯಿತು. ಗುಂಡಿ ಒತ್ತಿಯೇ ಇತ್ತು. ಗಂಡ ಗೆದ್ದಿದ್ದರು, ಹನ್ನೊಂದು ವರ್ಷದ ಹಿಂದೆಯೇ ಗೆದ್ದಿದ್ದರು, ಯಾರೂ ಹೇಳಲಿಲ್ಲ ಅವರಿಗೆ. ಪಾಪ ಅನ್ನಿಸಿತು. ಜೊತೆಗೆ ಇನ್ನೊಂದೂ ಅನ್ನಿಸಿತು, ಅದನ್ನು ಅವರು ಹೇಳಿಯೇಬಿಟ್ಟರು.

"ಹೇಳಿದ್ರೂ ಅವರೇನು ಸೆಟ್ಟು ಮುಚ್ಚಿಡ್ತಿರಲಿಲ್ಲ ಅಣ್ಣ. ಮೂರೂವರೆಗೇ ಮುಖ ತೊಳೆದು, ತಲೆ ಬಾಚಿ ಬಂದು ಕೂರೋರು. ರೇಡಿಯೋಗೆ ಯಾರಾದ್ರೂ ತಲೆ ಬಾಚ್ತಾರಾ? ಹಮ್ಮಿಗೆ ಬಾಚ್ತಿದ್ರಾ? ನಿಮಗೇ ಬಾಚ್ತಿದ್ದದ್ದು. ನಾನಂತೂ ಅವರ ಜೊತೆ ಅಷ್ಟು ಹೊತ್ತು ಕೂರ್ಲಿಲ್ಲ. ನೀವು ಕೂತ್ರಿ. ಒಳ್ಳೇದೇ ಮಾಡಿದ್ರಿ. ಓವರ್."

ಕೆಳಗೆ ಗಾಡಿಯ ಹಾರನ್ ಎರಡು ಸಲ ಕೂಗಿತು. ಯಾರೋ ಗಾಡಿಯನ್ನು ಸರಿಸಲು ಹೇಳುತ್ತಿದ್ದರು. ಚಾಲಕ ಸ್ಟ್ರೆಚರಿನ ತಲೆಯ ಕಡೆ ನಿಂತು ಮಗಳತ್ತ ನೋಡಿದ. ಪಕ್ಕದ ಮನೆಯವರಿಬ್ಬರು ಕಾಲಿನ ಕಡೆ ಬಗ್ಗಿದರು. ಡಾಕ್ಟರನ್ನು ನೆಲದಿಂದ ಎಬ್ಬಿಸುವಂತಿರಲಿಲ್ಲ. ಮಗಳು ಒಂದು ಕ್ಷಣ ಯೋಚಿಸಿ, ತಾನೇ ಚಾಲಕನ ಪಕ್ಕಕ್ಕೆ ಹೋಗಿ ಹಿಡಿ ಹಿಡಿದಳು. ನಾಲ್ವರೂ ಎತ್ತಿದರು. ಹೊರಬಾಗಿಲಿಗೆ ಹೋಗಬೇಕಾದರೆ ರೇಡಿಯೋ ಕೋಣೆಯ ಮುಂದೆಯೇ ಹಾಯಬೇಕು.

"ನಿನ್ನೆ," ಎಂದಿತು ಸೆಟ್ಟು. "ನಿನ್ನೆ ಕೇಳಿದ್ರು ತಂಗಿ. 'ನಿಜ ಹೇಳಿ, ಈಗಾದ್ರೂ ಕಡಿಮೆ ಆಗಿದೆಯಾ?' ಅಂದ್ರು. ನಾನು..."

ದನಿ ನಿಂತಿತು. ಆದರೆ ಓವರ್ ಬರಲಿಲ್ಲ. ಗೊರಗೊರವೂ ಬರಲಿಲ್ಲ. ಬದಲಿಗೆ ಒಬ್ಬ ಮುದುಕನ ಉಸಿರು ಬಂತು, ಮೂಗು ಎಳೆದುಕೊಂಡದ್ದು ಬಂತು, ಆಮೇಲೆ ಅಳು. ತಡೆಯಿಲ್ಲದೆ, ಮಗು ಅಳುವ ಹಾಗೆ, ಕೋಣೆ ತುಂಬ.

ಟೈಲರಮ್ಮ ಗುಂಡಿ ಒತ್ತಿದರು. "ಅಣ್ಣ, ಅಳಬೇಡಿ. ಅಣ್ಣಾ!"

"ಅವರಿಗೆ ಕೇಳಿಸಲ್ಲ ಅತ್ತಿಗೆ," ಎಂದರು ಮೇಷ್ಟ್ರು ಮೆಲ್ಲಗೆ. "ಗುಂಡಿ ಒತ್ತಿಕೊಂಡೇ ಅಳ್ತಿದಾರೆ. ಅವರು ಬೆರಳು ತೆಗೆಯೋ ತನಕ ನಾವು ಏನೂ ಹೇಳೋಕಾಗಲ್ಲ."

ಕೋಣೆಯ ಬಾಗಿಲಲ್ಲಿ ಸ್ಟ್ರೆಚರು ನಿಂತಿತು. ಮಗಳ ಕೈಯೆರಡೂ ಅಪ್ಪನ ತಲೆಯ ಕಡೆಯ ಹಿಡಿಯಲ್ಲಿದ್ದವು. ಕೆನ್ನೆಯ ಮೇಲಿನದನ್ನು ಒರೆಸಿಕೊಳ್ಳಲಾಗದೆ ಹಾಗೇ ಬಿಟ್ಟಿದ್ದಳು. ಡಾಕ್ಟರು ಪ್ಲಗ್ಗು ಬಿಡಲಿಲ್ಲ. ಟೈಲರಮ್ಮ ಮೈಕನ್ನು ಬಾಯಿಯ ಹತ್ತಿರವೇ ಹಿಡಿದು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಒತ್ತದೆ ಕೂತರು. ನಾಲ್ಕು ಜನರ ಕೈಯಲ್ಲಿ ಮಲಗಿದ್ದ ವೈರ್ ಮಾಮನೂ ಸೇರಿ, ಇಡೀ ಮನೆ, ಬೇರೆ ಊರಿನ ಒಂದು ಬೆರಳು ಮೇಲೇಳುವುದನ್ನು ಕಾಯುತ್ತ ನಿಂತಿತ್ತು.